ರತ್ನಾ ಮಾಯವಾದ ಶನಿವಾರ

ಜಗಳ ಶುರುವಾದದ್ದು ಇಡ್ಲಿಯ ಮುಂದೆ. ರಾಜಧಾನಿಯ ದ್ವಾರಕಾ ಬಡಾವಣೆಯ ವಸತಿ ಸೊಸೈಟಿಯೊಂದರ ಕೊನೆಯ ಮಹಡಿಯಲ್ಲಿರುವ ನಿವೃತ್ತ ಅಧಿಕಾರಿ ಕರುಣಾಕರ ಅಮ್ಮನ್ನ ಅವರು ಹೆಂಡತಿಯನ್ನು ಕೇಳಿದ್ದು ಒಂದೇ ಮಾತು: "ನಾಳೆ ಚರ್ಚಿಗೆ ಬರ್ತೀಯಲ್ಲ?"

ಮರುದಿನ ಭಾನುವಾರ, ಅವರ ಮದುವೆಯ ವಾರ್ಷಿಕೋತ್ಸವ. ಅಂಥ ಜೋಡಿಯನ್ನು ಆರಾಧನೆಯ ಕೊನೆಗೆ ವೇದಿಯ ಮುಂದೆ ಕರೆದು, ಅಕ್ಕಪಕ್ಕ ನಿಲ್ಲಿಸಿ ಪಾದ್ರಿ ಅಯ್ಯನವರು ಆಶೀರ್ವದಿಸುವುದು ಅವರ ಚರ್ಚಿನ ಪದ್ಧತಿ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಈ ವರ್ಷವೂ ತಪ್ಪಬಾರದು ಎಂಬುದೊಂದೇ, ಪಾಪ, ಅವರ ಆಸೆ. ಆದರೆ ರತ್ನಾ ಈಚೆಗೆ ಫರೀದಾಬಾದಿನ ಶೈಲಜಾ ಸಿಸ್ಟರ್ ನಡೆಸುವ ಪ್ರಾರ್ಥನಾಕೂಟ ಸೇರಿಬಿಟ್ಟಿದ್ದರು.

"ಕರ್ತ ಯಾವ ಗಳಿಗೆಯಲ್ಲಾದ್ರೂ ಬರಬಹುದು. ನಂಬಿದೋರು ನಿಂತ ನಿಂತಲ್ಲೇ ಮಾಯ, ಸೀದಾ ಸ್ವರ್ಗಕ್ಕೆ! ಉಳಿದೋರು ಇಲ್ಲೇ. ಆಮೇಲೆ ಸಾವಿರ ವರ್ಷ ಅವನದೇ ರಾಜ್ಯಭಾರ. ನಿಮ್ಮ ಚರ್ಚಲ್ಲಿ ಇದನ್ನ ಯಾರಾದ್ರೂ ಹೇಳ್ತಾರಾ?"

"ಸಾವಿರ ವರ್ಷ ಅನ್ನೋದು ಲೆಕ್ಕ ಅಲ್ಲ ಮಾರಾಯ್ತಿ. ದೇವರ ರಾಜ್ಯ ನಮ್ಮ ನಡುವೆಯೇ ಇದೆ, ಹಿಟ್ಟಿನ ಹಾಗೆ ನಿಧಾನಕ್ಕೆ ಉಬ್ಬುತ್ತೆ."

"ನಾವೆಲ್ಲ ಹೋದ್ಮೇಲೆ ನೀವು ಇಡ್ಲಿ ಹಿಡ್ಕೊಂಡು ಅದು ಉಬ್ಬೋದನ್ನೇ ನೋಡ್ತಿರಿ!" ಎಂದು ರತ್ನಾ ಅಡುಗೆಮನೆಗೆ ಹೋದರು. ಕರುಣಾಕರರು ಮುಖ ಊದಿಸಿಕೊಂಡು ಸ್ನಾನಕ್ಕೆ ಹೋದರು.

ಟವೆಲ್ ಸುತ್ತಿಕೊಂಡು ಹೊರಬಂದಾಗ ಕುಕ್ಕರ್ ಒಂದೇ ಸಮನೆ ಕೂಗುತ್ತಿತ್ತು. "ರತ್ನಾ, ಗ್ಯಾಸ್!" ಎಂದರು. ತಾವೇ ಹೋಗಿ ಒಲೆ ಆರಿಸಿದರು; ಅಡುಗೆಮನೆಯಲ್ಲಿ ಯಾರೂ ಇಲ್ಲ. ಮೇಜಿನ ಮೇಲೆ ರತ್ನಾರ ಫೋನು, ಅರ್ಧ ಕುಡಿದ ಕಾಫಿ, ಕನ್ನಡಕ. ಮುಂಬಾಗಿಲು ಹಾರುಹೊಡೆದಿತ್ತು. ಚಪ್ಪಲಿ ಮಾತ್ರ ಅಲ್ಲೇ ಇತ್ತು. ಕರುಣಾಕರರಿಗೆ ಹೆಂಡತಿಯ ಮಾತು ನೆನಪಾಯಿತು: ನಿಂತ ನಿಂತಲ್ಲೇ ಮಾಯ! ಸ್ವರ್ಗದಲ್ಲಿ ಕನ್ನಡಕ ಯಾತಕ್ಕೆ, ಚಪ್ಪಲಿ ಯಾತಕ್ಕೆ?

ಎದುರುಮನೆಗೆ ಓಡಿದರು. ಅಲ್ಲೂ ಬಾಗಿಲು ತೆರೆದಿದೆ, ಟಿವಿ ಮಾತಾಡುತ್ತಿದೆ, ಪಂಜಾಬಿ ಆಂಟಿ ಇಲ್ಲ. ಒಂದು ದಿನವೂ ಚರ್ಚಿನ ಮೆಟ್ಟಿಲು ಹತ್ತದ ಆಂಟಿಯನ್ನೂ ಕರೆದೊಯ್ದು ಕರ್ತ ನನ್ನನ್ನು ಬಿಟ್ಟನಲ್ಲ ಎಂದು ಅವರಿಗೆ ಕಣ್ಣು ತುಂಬಿತು.

ತಮ್ಮ ಫೋನ್ ತಂದು ಬಾಗಿಲಲ್ಲೇ ನಿಂತು ಅಯ್ಯನವರಿಗೆ ಕರೆ ಮಾಡಿದರು. ಅವರು ತಕ್ಷಣ ಎತ್ತಿದರು. "ಹೇಳಿ ಕರುಣಾಕರ್, ಎಲ್ಲಾ ಸೌಖ್ಯವೋ?"

"ಅಯ್ಯೋ ಅಯ್ನೋರೇ, ನೀವೂ ಇಲ್ಲೇ ಇದ್ದೀರಾ!" ಎಂದು ಫೋನ್ ಇಟ್ಟುಬಿಟ್ಟರು. ಅಯ್ಯನವರಿಗೇ ಸೀಟು ಸಿಗದಿದ್ದ ಮೇಲೆ ತಮ್ಮ ಪಾಡೇನು?

ಶೈಲಜಾ ಸಿಸ್ಟರ್ ಫೋನ್ ಎತ್ತಲೇ ಇಲ್ಲ. ಇನ್ನು ಅನುಮಾನವೇ ಉಳಿಯಲಿಲ್ಲ. ಆದರೂ ಒಂದು ವಾಯ್ಸ್ ಮೆಸೇಜ್ ಬಿಟ್ಟರು: "ಸಿಸ್ಟರ್, ಅಕಸ್ಮಾತ್ ನೀವೂ ಉಳಿದುಬಿಟ್ಟಿದ್ರೆ ಫೋನ್ ಮಾಡಿ. ನಂಗೆ ನಿಮ್ಮ ಪದ್ಧತಿಯ ದೀಕ್ಷಾಸ್ನಾನ ಬೇಕು, ಪೂರ್ತಿ ಮುಳುಗೋದು. ನಾಳೆಯೇ!"

ಅಷ್ಟರಲ್ಲಿ ಕೆಳಮನೆಯ ದಕ್ಷಿಣಾಮೂರ್ತಿ ಮೊಸರಿನ ಪ್ಯಾಕೆಟ್ಟು ಹಿಡಿದು ಮೆಟ್ಟಿಲು ಹತ್ತಿ ಬಂದರು. "ಏನ್ರೀ ಗಲಾಟೆ? ಟವೆಲ್ಲಲ್ಲಿ ಓಡಾಡ್ತಿದ್ದೀರಿ?"

"ಸ್ವರ್ಗ ಹೋದ್ರೆ ಹೋಗಲಿ ಮೂರ್ತಿಗಳೇ, ರತ್ನಾ ಹೋಗ್ಬಿಟ್ಲಲ್ಲ! ಕೊನೇ ಮಾತೂ ಜಗಳದ್ದೇ ಆಯ್ತು!" ಕರುಣಾಕರರು ಅಲ್ಲೇ ಮೊಣಕಾಲೂರಿದರು. "ಕರ್ತನೇ, ಅವಳು ಹೇಳಿದ್ದೇ ಸರಿ. ಇನ್ನೊಂದು ಅವಕಾಶ ಕೊಡು. ನಾಳೆ ಮುಳುಗ್ತೀನಿ, ಮಾತು ಕೊಟ್ಟೆ."

"ರೀ, ಏನಿದು ಅವತಾರ?"

ತಲೆಯೆತ್ತಿದರೆ ಟೆರೇಸಿನ ಮೆಟ್ಟಿಲ ಮೇಲೆ ರತ್ನಾ! ಕಾಲಿಗೆ ಹೂವಿನ ದುಪಟ್ಟಾದ ಪಟ್ಟಿ, ಪಕ್ಕದಲ್ಲಿ ಆಸರೆಯಾಗಿ ಪಂಜಾಬಿ ಆಂಟಿ, ಹಿಂದೆ ಪೊರಕೆ ಹಿಡಿದ ಹೆಂಗಸರ ದಂಡು. ಕರುಣಾಕರರು ಹೆಂಡತಿಯ ಎರಡೂ ಕೈ ಹಿಡಿದು ಬಿಕ್ಕಿದರು.

"ಮಂಗಗಳು ಸಂಡಿಗೆಗೆ ನುಗ್ಗಿದ್ವು ರೀ. ಬರಿಗಾಲಲ್ಲಿ ಓಡಿದೆ, ಗಾಜು ಚುಚ್ತು. ಈ ಆಂಟಿ ತಮ್ಮ ಹೊಸಾ ದುಪಟ್ಟಾನೇ ಹರಿದು ಕಟ್ಟಿದ್ರು."

"ಅರೇ, ಕೋಯೀ ಬಾತ್ ನಹೀ!" ಎಂದು ಆಂಟಿ, ಅದೇನು ಮಹಾ ಎಂಬಂತೆ ಕೈಯಾಡಿಸಿದರು.

ರತ್ನಾರ ಕಣ್ಣು ಒದ್ದೆಯಾಯಿತು. "ನೀವು ಹೇಳಿದ್ದೇ ಸರಿ ರೀ. ದೇವರ ರಾಜ್ಯ ಇಲ್ಲೇ ಇದೆ, ಇವರೆಲ್ಲರ ನಡುವೆ. ನಾಳೆ ನಮ್ಮ ಚರ್ಚಿಗೇ ಬರ್ತೀನಿ. ಇದು ದೇವರಾಣೆಗೂ ನಿಜ."

ಕರುಣಾಕರರು ಬಾಯಿ ತೆರೆಯುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಶೈಲಜಾ ಸಿಸ್ಟರ್! "ಸ್ತೋತ್ರ ಬ್ರದರ್! ನಾನು ಉಳಿದಿರಬಹುದು ಅಂತ ನಿಮಗೆ ಹೇಗೆ ಅನ್ನಿಸ್ತು? ಇರಲಿ, ಕ್ಷಮಿಸಿದೆ. ತೊಟ್ಟಿಗೆ ನೀರು ಬಿಡಿಸ್ತಿದ್ದೀನಿ. ಬೆಳಿಗ್ಗೆ ಬಂದ್ಬಿಡಿ."

"ಬರಲ್ಲ ಅನ್ನಿ!" ಎಂದರು ರತ್ನಾ.

"ಹೇಗೆ ಅನ್ಲಿ? ಮೊಣಕಾಲೂರಿ ಮಾತು ಕೊಟ್ಟಿದ್ದೀನಿ."

"ಬಂದಿದ್ದು ಮಂಗ ಕಣ್ರೀ, ಕರ್ತ ಅಲ್ಲ!"

"ಈ ಸಲ ಮಂಗ. ಮುಂದಿನ ಸಲ? ಒಂದ್ಸಲ ಉಳಿದದ್ದೇ ಸಾಕಮ್ಮ ನಂಗೆ. ನೀನೂ ಫರೀದಾಬಾದಿಗೆ ಬಾ."

"ನಾನೂ ದೇವರಾಣೆ ಹಾಕಿದ್ದೀನಿ!"

ಮಧ್ಯೆ ಸಿಕ್ಕಿಕೊಂಡ ಮೂರ್ತಿಗಳು ಮೊಸರು ಹುಳಿಯಾಗುತ್ತದೆಂದು ಮೆಲ್ಲಗೆ ಕೆಳಗಿಳಿದರು. ಆ ದಿನವಿಡೀ ಜಗಳ ನಡೆಯಿತು. ಇಬ್ಬರೂ ಸೋಲಲಿಲ್ಲ.

ಭಾನುವಾರ ರತ್ನಾ ಕುಂಟುತ್ತಾ ಹೋಗಿ ವೇದಿಯ ಮುಂದೆ ಒಬ್ಬರೇ ನಿಂತರು. ಅಯ್ಯನವರು ಅತ್ತಿತ್ತ ನೋಡಿ, "ಎಲ್ಲಮ್ಮಾ ಯಜಮಾನರು?" ಎಂದು ಕೇಳಿದರು.

"ಫರೀದಾಬಾದಲ್ಲಿ ಮುಳುಗ್ತಿದ್ದಾರೆ, ಅಯ್ನೋರೇ."