ಅತ್ತೆಗಾಗಿ ಎತ್ತಿದ ಜೀಪು

ನನ್ನ ಜೀಪಿನಲ್ಲಿ ಇದ್ದದ್ದು ಒಂದೇ ದೋಷ. ಅದು ಕುಳ್ಳಗಿತ್ತು. ಮಿಕ್ಕಂತೆ ಅದು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ, ದಾವಣಗೆರೆಯ ನಮ್ಮ ಬೀದಿಗೆಲ್ಲ ಸದ್ದು ಕೇಳಿಸುವ, ಹಳೆಯ ಭವ್ಯ ಗಾಡಿ. ಇಂಥ ಗಾಡಿಗೆ ಹೋದ ಅಮಾವಾಸ್ಯೆಯಂದು ಘೋರ ಅವಮಾನವಾಯಿತು. ಮಂಡಿನೋವಿನ ಅತ್ತೆಯವರನ್ನು ಉಕ್ಕಡಗಾತ್ರಿಗೆ ಅಜ್ಜಯ್ಯನ ದರ್ಶನಕ್ಕೆ ಕರೆದೊಯ್ಯುತ್ತಿದ್ದೆ. ಇನ್ನೇನು ಗುಡಿ ಬಂತು ಎನ್ನುವಾಗ ಗಾಡಿಯ ಹೊಟ್ಟೆ ಒಂದು ಮಣ್ಣಿನ ದಿಬ್ಬದ ಮೇಲೆ ಕೂತುಬಿಟ್ಟಿತು. ನಾಲ್ಕೂ ಚಕ್ರ ನಿಷ್ಠೆಯಿಂದ ತಿರುಗಿದವು. ಗಾಡಿ ಮಾತ್ರ ಕದಲಲಿಲ್ಲ! ಪಾಪ, ಅತ್ತೆ ಇಳಿದು ಕುಂಟುತ್ತ ನಡೆದರು.

"ಮುಂದಿನ ಅಮಾಸಿಗೆ ನಾನು ಬಸ್ಸಿಗೆ ಹೋಗ್ತೀನಿ ಬಿಡ್ರಿ ಅಳಿಯಂದ್ರೇ," ಎಂದರು.

ಬಸ್ಸಿಗೆ! ಅಳಿಯನ ಮನೆ ಮುಂದೆ ಜೀಪು ನಿಂತಿರುವಾಗ ಅತ್ತೆ ಬಸ್ಸಿಗೆ ಹೋದರೆ ಬೀಗರ ಮುಂದೆ ನನ್ನ ಮರ್ಯಾದೆ ಏನಾದೀತು?

"ಅತ್ತೆ, ಮುಂದಿನ ಸಲ ಆ ದಿಬ್ಬದ ಮ್ಯಾಲೆ ನೀವು ಕಾಲಿಟ್ರೆ ಕೇಳ್ರಿ!" ಎಂದು ಎಲ್ಲರೆದುರು ಘೋಷಿಸಿಬಿಟ್ಟೆ.

"ಸುಮ್ನಿರಲಾರದೆ ಇರುವೆ ಬಿಟ್ಕೊಳ್ಳಾಕ ಹೊಂಟೀರಿ," ಎಂದಳು ಹೆಂಡತಿ ಸುಮಾ.

ಗಾಡಿ ಎತ್ತರಿಸಲು ಸಿದ್ಧ ಸಾಮಾನು ಸಿಗುತ್ತದೆ. ಅದರ ಬೆಲೆ ಕೇಳಿದ ತಕ್ಷಣ ನಾನು ಹರಿಹರದ ದಾರಿ ಹಿಡಿದೆ. ಅಲ್ಲಿ ದಾದಾಪೀರ್ ಮೇಸ್ತ್ರಿ ಹಳೇ ಲಾರಿಗಳ ಕಮಾನು ಪಟ್ಟಿ ಬಿಚ್ಚಿ ರಾಶಿ ಹಾಕಿಕೊಂಡಿದ್ದ. ಚಕ್ರದ ಮೇಲೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳವು. ಇನ್ನಷ್ಟು ಪಟ್ಟಿ ಸೇರಿಸಿದರೆ ಗಾಡಿ ಮೇಲೇಳುತ್ತದೆ. ಇಷ್ಟು ಸರಳ!

"ಒಂದೊಂದು ಪಟ್ಟಿ ಹಾಕಿದ್ರೆ ಸಾಕಾ?" ಎಂದೆ.

"ಸಾಕು ಅಂದ್ರ ಸಾಕು. ಎರಡೆರಡು ಹಾಕಿದ್ರ ನೋಡ್ರಿ, ಗಾಡಿ ಆನಿ ಆಗ್ತೈತೆ!"

"ಮೂರು ಮೂರು ಹಾಕಿದ್ರೆ?"

ಮೇಸ್ತ್ರಿಯ ಕಣ್ಣು ಹೊಳೆಯಿತು. "ಇಲ್ಲೀತನಕ ಯಾರೂ ಹಾಕ್ಸಿಲ್ಲ ಸಾಹೇಬ್ರ. ಹಾಕೇಬಿಡಾಣ!"

ಇಬ್ಬರಿಗೂ ಭಾರಿ ಹುಮ್ಮಸ್ಸು. ಸಂಜೆಗೆ ಜೀಪು ಎದ್ದು ನಿಂತಾಗ ನನ್ನ ಎದೆಯೂ ಅಷ್ಟೇ ಉಬ್ಬಿತು. ಮೊದಲೆರಡು ಸಲ ಹತ್ತಲಾಗಲಿಲ್ಲ. ಟೈರು ನೋಡುವವನಂತೆ ನಟಿಸಿ, ಮೂರನೇ ಸಲ ಸ್ಟೇರಿಂಗ್ ಹಿಡಿದು ಜೋತಾಡಿ ಒಳಗೆ ಬಿದ್ದೆ.

ಮನೆ ಮುಂದೆ ಸುಮಾ ಕತ್ತೆತ್ತಿ ನೋಡಿದಳು. "ಇದೇನು ಗಾಡಿನೋ, ಅಟ್ಟನೋ? ಅವ್ವ ಹತ್ತಾದು ಹೆಂಗೆ?"

ಈ ಪ್ರಶ್ನೆ ನನಗಾಗಲಿ ಮೇಸ್ತ್ರಿಗಾಗಲಿ ಹೊಳೆದಿರಲಿಲ್ಲ.

"ಸ್ಟೂಲ್ ಐತಲ್ಲ!" ಎಂದೆ, ಗತ್ತಿನಿಂದ.

ಅಮಾವಾಸ್ಯೆ ಬಂತು. ಅತ್ತೆ ಸ್ಟೂಲ್ ಹತ್ತಿದರು. ಸುಮಾ ಹಿಂದಿನಿಂದ ನೂಕಿದಳು, ನಾನು ಒಳಗಿನಿಂದ ಎಳೆದೆ. "ಅಜ್ಜಯ್ಯಾ, ಕಾಪಾಡಪ್ಪಾ!" ಎನ್ನುತ್ತ ಅತ್ತೆ ಮುಂದಿನ ಸೀಟು ತಲುಪಿದರು. ಈ ಮಹಾಕಾರ್ಯದ ಸಂಭ್ರಮದಲ್ಲಿ ಸ್ಟೂಲ್ ಗೇಟಿನ ಮುಂದೆಯೇ ಉಳಿಯಿತು.

ರಸ್ತೆಗಿಳಿದ ಮೇಲೆ ಪಟ್ಟಿಗಳ ಗುಣ ಗೊತ್ತಾಯಿತು. ಅವು ಲೋಡ್ ಲಾರಿ ಹೊತ್ತು ಬೆಳೆದಂಥವು. ಮೂರು ಜನರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ರಸ್ತೆಯ ಒಂದೊಂದು ಉಬ್ಬಿಗೂ ನಮ್ಮೆಲ್ಲರ ತಲೆ ಮೇಲ್ಛಾವಣಿಗೆ ನಮಸ್ಕಾರ ಮಾಡಿ ಬರುತ್ತಿತ್ತು.

"ಅಳಿಯಂದ್ರೇ, ಮಂಡಿನೋವು ಹೋತು ನೋಡ್ರಿ," ಎಂದರು ಅತ್ತೆ. "ಈಗ ಸೊಂಟಕ್ಕ ಬಂದೈತೆ!"

ಹರಿಹರದಲ್ಲಿ ಮೇಸ್ತ್ರಿಯ ಅಂಗಡಿ ಮುಂದೆ ನಿಲ್ಲಿಸಿದೆ. ಆತ ಕಿಂಚಿತ್ತೂ ವಿಚಲಿತನಾಗಲಿಲ್ಲ. "ಖಾಲಿ ಗಾಡಿ ಕುಣಿದೇ ಕುಣಿತೈತೆ. ಮಂದಿ ತುಂಬ್ರಿ, ತಣ್ಣಗಾಗ್ತೈತೆ."

ಅತ್ತೆ ತಡಮಾಡಲಿಲ್ಲ. ಮುಂದಿನ ಸ್ಟಾಪಿನಲ್ಲಿ ಬಸ್ಸಿಗೆ ಕಾದಿದ್ದ ಭಕ್ತರಿಗೆ, "ಉಕ್ಕಡಗಾತ್ರಿಗೇ ಹೊಂಟೀವಿ, ಹತ್ರಿ, ಹತ್ರಿ!" ಎಂದು ಕೂಗಿದರು. ಒಬ್ಬರನ್ನೊಬ್ಬರು ಎಳೆದುಕೊಂಡು, ಕಾಯಿಚೀಲ, ಬುತ್ತಿಗಂಟು ಸಮೇತ ಹಿಂದೆ ತುಂಬಿಕೊಂಡರು. ಸುಮಾ ಯಾರದೋ ಬುಟ್ಟಿಯ ಹಿಂದೆ ಕಾಣೆಯಾದಳು. ಆದರೆ ಏನಾಶ್ಚರ್ಯ! ಕುಣಿತ ನಿಂತೇಹೋಯಿತು. ಗಾಡಿ ತೊಟ್ಟಿಲಿನಂತೆ ತೂಗುತ್ತ ಹೊರಟಿತು.

"ಹೆಂಗೈತೆ ಅತ್ತೆ?" ಎಂದೆ.

"ಈಗ ಚಲೋ ಐತೆ ನೋಡ್ರಿ!"

ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅದೇ ದಿಬ್ಬ ಬಂತು. ಮೀಸೆಯ ಮೇಲೆ ಕೈಯಾಡಿಸಿ ಗಾಡಿ ಏರಿಸಿದೆ.

ಕರ್‍ರ್!

ಹೊಟ್ಟೆ ಕೂತಿತು. ಅದೇ ಜಾಗದಲ್ಲಿ! ಇಡೀ ಬಸ್ ಸ್ಟಾಪನ್ನು ಹೊತ್ತ ಪಟ್ಟಿಗಳು ಬಾಗಿ ಬಾಗಿ, ಗಾಡಿಯನ್ನು ಅದರ ಹಳೆಯ ಎತ್ತರಕ್ಕೇ ತಂದು ಇಳಿಸಿದ್ದವು. ನಾಲ್ಕೂ ಚಕ್ರ ಮತ್ತೆ ನಿಷ್ಠೆಯಿಂದ ತಿರುಗಿದವು.

ಭಕ್ತರು ಒಬ್ಬೊಬ್ಬರಾಗಿ ಇಳಿದರು. ಇಳಿದಂತೆಲ್ಲ ಗಾಡಿ ಮೇಲೇಳುತ್ತ ಹೋಯಿತು. ಕೊನೆಗೆ ಸುಮಾ ಇಳಿದಳು, ಗಾಡಿಯ ಹೊಟ್ಟೆ ದಿಬ್ಬ ಬಿಟ್ಟಿತು!

"ನೋಡು ಸುಮಾ, ಎತ್ತರ ಅಂದ್ರೆ ಇದು!" ಎಂದು ಕೂಗಿದೆ.

"ಅದಿರ್ಲಿ, ನಾನು ಇಳಿಯಾದು ಹೆಂಗೆ?" ಮೇಲಿನಿಂದ ಅತ್ತೆಯ ಧ್ವನಿ. "ಸ್ಟೂಲ್ ಎಲ್ಲೈತೆ?"

"ಗೇಟಿನ ಮುಂದೆ," ಎಂದಳು ಸುಮಾ, ನನ್ನನ್ನೇ ದಿಟ್ಟಿಸುತ್ತ.

ಧೀರನಂತೆ ಕೆಳಕ್ಕೆ ಹಾರಿದೆ. ಮಂಡಿ ಲಟಕ್ ಎಂದಿತು. ಆದರೂ ಕುಂಟುತ್ತ ಹೋಗಿ ಬೆನ್ನು ಬಗ್ಗಿಸಿ ನಿಂತೆ. "ಕಾಲಿಡ್ರಿ ಅತ್ತೆ."

"ಅಳಿಯನ ಬೆನ್ನ ಮ್ಯಾಲೆ ಕಾಲಾ? ಶಿವ ಶಿವಾ! ಯಾವ ಜನ್ಮಕ್ಕ ಬೇಕು ಆ ಪಾಪ? ಹತ್ರಿ, ಹಿಂಗೇ ನಡೀರಿ ಗುಡಿಗೆ."

ಮತ್ತೆ ಸ್ಟೇರಿಂಗ್ ಹಿಡಿದು ಜೋತಾಡಿ ಹತ್ತಿದೆ. ಹಾಗೇ ಹೋದೆವು. ಅತ್ತೆ ಮತ್ತು ನಾನು ಮೇಲೆ, ಸುಮಾ ಮತ್ತು ಭಕ್ತಾದಿಗಳು ಹಿಂದೆ ನಡೆದುಕೊಂಡು. ಗುಡಿ ಹತ್ತಿರ ಕಾಯಿ ಅಂಗಡಿಯವರು ಬೆಂಚು ತಂದಿಟ್ಟ ಮೇಲೆ ಅತ್ತೆ ಧರೆಗಿಳಿದರು. ಏನೇ ಹೇಳಿ, ನನ್ನ ಮಾತು ಉಳಿಯಿತು. ದಿಬ್ಬದ ಮೇಲೆ ಅತ್ತೆ ಕಾಲಿಡಲಿಲ್ಲ!

ದರ್ಶನವಾದ ಮೇಲೆ ಅವ್ವ ಮಗಳಿಬ್ಬರೂ ನನ್ನ ಮುಖ ಕೂಡ ನೋಡದೆ ಬಸ್ಸು ಹತ್ತಿದರು.

ಖಾಲಿ ಗಾಡಿಯಲ್ಲಿ ಕುಣಿಯುತ್ತ ನಾನು ಮನೆ ತಲುಪುವಷ್ಟರಲ್ಲಿ ಇಬ್ಬರೂ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಎಂಜಿನ್ ಆರಿಸಿದೆ. ಬಾಗಿಲು ತೆಗೆದೆ. ಕೆಳಗೆ ನೋಡಿದೆ. ಊದಿದ ಮಂಡಿ ಮಡಚಲೂ ಒಪ್ಪಲಿಲ್ಲ. ಏನೂ ಆಗದವನಂತೆ ಸೀಟಿನಲ್ಲೇ ಕೂತು, ಸ್ಟೇರಿಂಗಿನ ಧೂಳು ಒರೆಸತೊಡಗಿದೆ.

ಅತ್ತೆ ಲೋಟ ಕೆಳಗಿಟ್ಟು ಎದ್ದರು. ಗೇಟಿನ ಬಳಿಯ ಸ್ಟೂಲನ್ನು ಎತ್ತಿ ತಂದು ಜೀಪಿನ ಪಕ್ಕ ಇಟ್ಟು, ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇಳೀರಿ ಅಳಿಯಂದ್ರೇ, ನಿಧಾನ," ಎಂದರು. "ಮಂಡಿ ಜ್ವಾಕಿ."