ಹುರುಳಿ ತುಳಿಯದ ಕಾರು

ಪರದೇಶಕ್ಕೆ ಹೋಗಿ ಬಂದವರ ಸಂಗಡ ಸಂಸಾರ ಮಾಡುವುದು ಸುಲಭವಲ್ಲ. ವರ್ಷಗಟ್ಟಲೆ ಇದ್ದು ಬಂದವರಾದರೆ ಹೇಗೋ ನಡೆಯುತ್ತದೆ, ಅಲ್ಲಿನ ಬೇಸರವೂ ಅವರಿಗೆ ಗೊತ್ತಿರುತ್ತದೆ. ಒಂದು ವಾರ ಇದ್ದು ಬಂದವರದೇ ತೊಂದರೆ. ನಮ್ಮ ಮನೆಯವರು ಆ ಎರಡನೆಯ ಪೈಕಿ. ಕುಂದಗೋಳದ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡಿಕೊಂಡು, ಹುಬ್ಬಳ್ಳಿಗೆ ಹೋಗುವುದಕ್ಕೇ ನಾಲ್ಕು ಸಲ ವಿಚಾರ ಮಾಡುತ್ತಿದ್ದ ಮನುಷ್ಯ, ವ್ಯಾಪಾರಸ್ಥರ ಗುಂಪು ಕಟ್ಟಿಕೊಂಡು ಸಿಂಗಾಪುರ ನೋಡಿ ಬಂದರು. ನಾನು ಕಟ್ಟಿ ಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ ಅರ್ಧಕ್ಕರ್ಧ ಹಾಗೆಯೇ ವಾಪಸು ಬಂತು. ಜೊತೆಗೆ ಒಂದು ಹುಚ್ಚೂ ಬಂತು. ಅಲ್ಲಿ ವಿಮಾನ ನಿಲ್ದಾಣದಲ್ಲಿ ಚಾಲಕನೇ ಇಲ್ಲದ ರೈಲಿನಲ್ಲಿ ಕೂತಿದ್ದರಂತೆ. ಅದು ತಾನೇ ಬಾಗಿಲು ತೆರೆದು, ತಾನೇ ಹೊರಟು, ತಾನೇ ನಿಂತಿತಂತೆ. ಹಾಲು ಹಾಕಲು ಬಂದವನಿಗೂ ಹೇಳಿದರು, ಹಿಟ್ಟಿನ ಗಿರಣಿಯಲ್ಲೂ ಹೇಳಿದರು. ಒಂದು ಸಾವಿನ ಮನೆಯಲ್ಲಿ ಹೆಣ ಎತ್ತುವ ಹೊತ್ತಿಗೆ ಹೇಳಲು ಬಾಯಿ ತೆರೆದದ್ದನ್ನು ನಾನೇ ಮೊಣಕೈಯಿಂದ ತಿವಿದು ನಿಲ್ಲಿಸಿದೆ.

ಆಮೇಲೆ ಮೊಬೈಲಿನಲ್ಲಿ ನೋಡಿ ನೋಡಿ ಇನ್ನಷ್ಟು ಕಲಿತರು. ಮುಂದುವರಿದ ದೇಶಗಳಲ್ಲಿ ಗಾಡಿಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವಂತೆ. ಮುಂದೆ ದಾರಿ ಬಂದ್ ಆಗಿದೆ ಎಂದು ಮುಂದಿನ ಗಾಡಿ ಹಿಂದಿನ ಗಾಡಿಗೆ ತಿಳಿಸುತ್ತದಂತೆ. ನಮ್ಮ ಬಸ್ಸಿನ ಡ್ರೈವರುಗಳೂ ಎದುರು ಬರುವ ಬಸ್ಸಿಗೆ ಕೈ ಹೊರಗೆ ಹಾಕಿ, ರೈಲ್ವೆ ಗೇಟು ಬಿದ್ದಿದೆಯೋ ಎದ್ದಿದೆಯೋ ಎಂದು ಬೆರಳಿನಲ್ಲೇ ಹೇಳುತ್ತಾರಲ್ಲ ಎಂದೆ. ಅವರು ನನ್ನ ಕಡೆ ಕನಿಕರದಿಂದ ನೋಡಿದರು. ಅಲ್ಲಿನ ಗಾಡಿ ದಾರಿಯನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ ಎಂದಾಗ ನನಗೆ ನಮ್ಮ ಅಜ್ಜ ನೆನಪಾದ. ಅವನು ಗುಡಗೇರಿ ಸಂತೆಯಲ್ಲಿ ಎತ್ತಿನ ಜೋಡಿ ಕೊಂಡು, ಗಾಡಿಗೆ ಹೂಡಿ, ಹುಲ್ಲಿನ ಮೇಲೆ ಮಲಗಿಬಿಟ್ಟನಂತೆ. ಎಚ್ಚರಾದಾಗ ಎತ್ತುಗಳು ಅವನನ್ನು ಸುರಕ್ಷಿತವಾಗಿ, ಒಂದು ಕಡೆಗೂ ತಪ್ಪದೆ, ಅವುಗಳನ್ನು ಮಾರಿದವನ ಮನೆ ಮುಂದೆ ತಂದು ನಿಲ್ಲಿಸಿದ್ದವಂತೆ. ಮಾರಿದವನು ಹೊರಗೆ ಬಂದು, ವ್ಯವಹಾರ ಮುರಿಯಲು ಬಂದಿದ್ದಾನೆಂದು ತಿಳಿದು ಜಗಳಕ್ಕೇ ನಿಂತನಂತೆ. ಇದನ್ನು ಹೇಳಿದ ಮೇಲೆ ನಮ್ಮ ಮನೆಯವರು ಎರಡು ದಿನ ನನ್ನೊಡನೆ ತಂತ್ರಜ್ಞಾನದ ಮಾತೆತ್ತಲಿಲ್ಲ. ಮೂರನೆಯ ದಿನ ಕಾರು ತಂದರು.

ಒಳ್ಳೆಯ ಕಾರು, ಸುಳ್ಳು ಹೇಳಬಾರದು. ಮುಂದೆ ಏನಾದರೂ ಅಡ್ಡ ಬಂದರೆ ಮೊದಲು ಕುಂಯ್ ಕುಂಯ್ ಎನ್ನುತ್ತದೆ, ಕೇಳದಿದ್ದರೆ ತಾನೇ ಬ್ರೇಕು ಹಾಕುತ್ತದೆ. ಊರೊಳಗಿನ ಎಮ್ಮೆಗಳು ಇದನ್ನು ಒಂದೇ ವಾರದಲ್ಲಿ ಅರ್ಥ ಮಾಡಿಕೊಂಡವು. ಮೊದಲೆಲ್ಲ ಹಾರ್ನು ಹೊಡೆದರೆ ಬಾಲವಾದರೂ ಸರಿಸುತ್ತಿದ್ದವು, ಈಗ ಅದೂ ಇಲ್ಲ. ಪೇಟೆಯಿಂದ ಮನೆಗೆ ಬರಲು ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತಿತ್ತು. ಆದರೂ ನಾನು ಸುಮ್ಮನಿದ್ದೆ. ಸುಮ್ಮನಿರಲಾಗದ ಸಂದರ್ಭ ಬಂದದ್ದು ಸುಧಾಳ ಕುಬಸದ ದಿನ.

ಸುಧಾ ನನ್ನ ತಂಗಿಯ ಮಗಳು. ತಂಗಿ ಈಗಿಲ್ಲ. ಹುಡುಗಿಯನ್ನು ಗುಡಗೇರಿಗೆ ಕೊಟ್ಟಿದೆ, ಚೊಚ್ಚಲ ಬಸುರಿ. ಸೀಮಂತಕ್ಕೇ ನಮ್ಮ ಕಡೆ ಕುಬಸ ಎನ್ನುವುದು. ಹೊತ್ತು ಹೊರಳುವುದರೊಳಗೆ ಉಡಿ ತುಂಬಬೇಕು ಎಂದು ಗಂಡನ ಮನೆಯ ಹಿರಿಯರು ಹೇಳಿ ಕಳಿಸಿದ್ದರು. ಮೊದಲ ಉಡಿ ತವರಿನದು. ತವರಿನವರು ತಡವಾದರೆ ಆ ಮನೆಯವರೇ ಯಾರಾದರೂ ತುಂಬಿ ಮುಗಿಸುತ್ತಾರೆ, ತಪ್ಪೇನಲ್ಲ. ಆದರೆ ತಾಯಿಯಿಲ್ಲದ ಹುಡುಗಿ ಮಣೆಯ ಮೇಲೆ ಕೂತು ಬಾಗಿಲ ಕಡೆ ನೋಡಬಾರದು ಎಂಬುದು ನನ್ನ ಹಟ. ಹಸಿರು ಸೀರೆ, ಖಣ, ಬಳೆ, ಉಡಿಯಕ್ಕಿ ಎಲ್ಲ ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಹೋಗೂಣು ಎಂದೆ. ಅವರು ಕೇಳಲಿಲ್ಲ. ಹೊಸ ಕಾರು ಇರುವಾಗ ಬೀಗರ ಮನೆಗೆ ಬಸ್ಸಿನಲ್ಲಿ ಇಳಿಯುವುದೇ ಎಂದರು.

ಊರು ದಾಟಿ ಸ್ವಲ್ಪ ದೂರ ಚೆನ್ನಾಗಿಯೇ ಹೋದೆವು. ಆಮೇಲೆ ದಾರಿಯ ತುಂಬ ಹುರುಳಿ. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ, ಗೊತ್ತಲ್ಲ. ಕಿತ್ತು ತಂದ ಹುರುಳಿ ಬಳ್ಳಿಯನ್ನು ರಸ್ತೆಗೆ ಅಡ್ಡಲಾಗಿ ಹರವಿ ಬದಿಯಲ್ಲಿ ಕೂತರಾಯಿತು, ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಇವತ್ತಿನ ಹರವು ಮೊಣಕಾಲುದ್ದ ಇತ್ತು. ಕಾರು ಅದನ್ನು ಕಂಡದ್ದೇ ಕುಂಯ್ ಎಂದಿತು, ಗಕ್ಕನೆ ನಿಂತಿತು. ನಮ್ಮ ಮನೆಯವರು ಹಿಂದೆ ತಂದು ಮತ್ತೆ ಬಿಟ್ಟರು. ಮತ್ತೆ ನಿಂತಿತು. ಉದ್ದ ಕೋಲು ಹಿಡಿದು ಬದಿಯಲ್ಲಿ ಕೂತಿದ್ದ ಹೆಂಗಸು, ನೀಲವ್ವ ಎಂದು ಆಮೇಲೆ ಗೊತ್ತಾಯಿತು, ಎದ್ದು ಬಂದಳು.

"ಹಾಯಿಸ್ರಿ ಸಾವ್ಕಾರ್ರ, ಯಾಕ ಅಂಜತೀರಿ?"

"ನಾ ಅಂಜಂಗಿಲ್ಲಬೇ. ಗಾಡಿ ಒಲ್ಲೆ ಅಂತೈತಿ."

"ನಮ್ಮ ಹುಳ್ಳಿ ಕೊಳ್ಳಾಕ ಮನೀ ಬಾಗಲಿಗೆ ಬರ್ತೀರಿ. ತುಳ್ಯಾಕ ಮಾತ್ರ ಒಲ್ಲಿರೇನು?"

ಪರದೇಶದಲ್ಲಿ ಹೀಗೆ, ಅಡ್ಡ ಬಂದದ್ದನ್ನು ಗುರುತಿಸಿ ಗಾಡಿ ತಾನೇ ನಿಲ್ಲುತ್ತದೆ ಎಂದು ಅವರು ಕಿಟಕಿಯಿಂದಲೇ ಪಾಠ ಹೇಳಿದರು. ನೀಲವ್ವ ಪೂರ್ತಿ ಕೇಳಿದಳು. ಕೇಳಿ, ಕಾರಿನ ಮೂತಿಗೆ ಕೈ ಮುಗಿದಳು. "ಕಾಳು ತುಳಿಯಂಗಿಲ್ಲ ಅಂದ್ರ ಇದು ಯಾವದೋ ಮಠದಿಂದ ಬಂದೈತ್ರಿ," ಎಂದಳು.

ಬಿಸಿಲು ಏರುತ್ತಿತ್ತು. ನಮ್ಮ ಮನೆಯವರು ಈ ಗುಣವನ್ನು ಬಂದ್ ಮಾಡುವ ಬಟನು ಹುಡುಕತೊಡಗಿದರು. ಒಂದನ್ನು ಒತ್ತಿದರೆ ರೇಡಿಯೊ ಹಾಡಿತು, ಇನ್ನೊಂದಕ್ಕೆ ಗಾಜಿನ ಮೇಲೆ ನೀರು ಹಾರಿತು. ನನಗೆ ತಡೆಯಲಾಗಲಿಲ್ಲ. ಇಳಿದು, ಕಾರಿನ ಮುಂದೆ ನಿಂತು, ಸೆರಗು ಸಿಗಿಸಿ, ಕಾಲಿನಿಂದ ಹುರುಳಿ ಸರಿಸುತ್ತ ಬರ್ರಿ ಬರ್ರಿ ಎಂದು ಕೈ ಮಾಡಿದೆ. ಮನುಷ್ಯರು ಅಡ್ಡ ನಿಂತರೆ ಅದು ಇನ್ನೂ ಗಟ್ಟಿಯಾಗಿ ಕೂಗುತ್ತದೆ ಎಂಬುದು ಆಗ ತಿಳಿಯಿತು. ಸರಿಸಿದ ಹುರುಳಿಯನ್ನು ನೀಲವ್ವ ನನ್ನ ಹಿಂದೆಯೇ ಕೋಲಿನಿಂದ ಮತ್ತೆ ಹರವುತ್ತ ಬರುತ್ತಿದ್ದಳು.

ಅಷ್ಟರಲ್ಲಿ ಗುಡಗೇರಿ ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ನಮ್ಮ ಅವಸ್ಥೆ ನೋಡಿದ. "ಬರ್ರಿ ಅಕ್ಕಾರ, ನಾವು ತುಳಕೊಂತನ ಹೊಕ್ಕೀವಿ," ಎಂದ. ನಾನು ಚೀಲ ತೆಗೆದುಕೊಂಡು ಹತ್ತಿದೆ. ಗಂಡನ ಕಡೆ ತಿರುಗಿ ನೋಡಿದೆನೇ ಎಂದು ಕೇಳಬೇಡಿ. ಬಸ್ಸು ಚಟಪಟ ಸದ್ದು ಮಾಡುತ್ತ ಹುರುಳಿಯ ಮೇಲೆ ಹಾದುಹೋಯಿತು. ನೀಲವ್ವ ಹಿಂದಿನಿಂದ ಕೈ ಎತ್ತಿ ಹರಸಿದಳು.

ಸುಧಾ ಮಣೆಯ ಮೇಲೆ ಕೂತಾಗಿತ್ತು. ಅವಳ ಗಂಡನ ಸೋದರತ್ತೆಯೊಬ್ಬರು ಖಣ ಕೈಯಲ್ಲಿ ಹಿಡಿದು, ಇನ್ನೇನು ಎನ್ನುವಂತೆ ನಿಂತಿದ್ದರು. ನನ್ನನ್ನು ಕಂಡು ಸರಿದು ಜಾಗ ಮಾಡಿಕೊಟ್ಟರು. ಹುಡುಗಿ ನನ್ನ ಸೀರೆಗೆ ಅಂಟಿದ್ದ ಹುರುಳಿ ಹೊಟ್ಟು ಒಂದೊಂದಾಗಿ ಬಿಡಿಸುತ್ತ, "ದೊಡ್ಡವ್ವಾ, ನಡಕೊಂತ ಬಂದಿಯೇನ?" ಎಂದಳು. ಅವಳ ಕಣ್ಣು ತುಂಬಿತ್ತು, ನನ್ನದೂ. ಉಡಿ ತುಂಬಿದೆ.

ನಮ್ಮ ಮನೆಯವರು ಬಂದದ್ದು ಎಲೆ ಎತ್ತಿದ ಮೇಲೆ. ಬಟನು ಸಿಕ್ಕಿತ್ತಂತೆ. ಆದರೆ ನೀಲವ್ವ ಬಿಡಬೇಕಲ್ಲ, ಇಷ್ಟು ಹೊತ್ತು ದಾರಿ ಕಟ್ಟಿದ್ದಕ್ಕೆ ಹಿಂದೆ ಮುಂದೆ, ಹಿಂದೆ ಮುಂದೆ ಹಾಯಿಸಿಕೊಂಡೇ ಕಳಿಸಿದಳಂತೆ. ಕಾರಿನ ಗಾಲಿಗೆಲ್ಲ ಬಳ್ಳಿ ಸುತ್ತಿಕೊಂಡು, ಅದೂ ಕುಬಸಕ್ಕೆ ಉಡಿಸಿಕೊಂಡಂತೆ ಕಾಣುತ್ತಿತ್ತು.

ಸಂಜೆ ಮರಳುವಾಗ ಕಾರು ಮೂಕಾಗಿತ್ತು. ನನಗೆ ಹಾಯೆನಿಸಿತು. ಕುರಿ ಬಂದವು, ಸಾವಕಾಶ ಎಂದೆ. ಅಲ್ಲೊಬ್ಬ ಸೈಕಲ್ಲಿನವನು ಎಂದೆ. ಆ ಟ್ರ್ಯಾಕ್ಟರಿಗೆ ಹಿಂದೆ ದೀಪ ಇಲ್ಲ, ನೋಡಿಕೊಳ್ಳಿ ಎಂದೆ. ಅವರು ನನ್ನ ಕಾಲಿನ ಕಡೆ ನೋಡಿದರು. ನಾನೂ ನೋಡಿಕೊಂಡೆ. ನನ್ನ ಬಲಗಾಲು ಬ್ರೇಕೇ ಇಲ್ಲದ ಕಡೆ ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು. ಮದುವೆಯಾದಂದಿನಿಂದ, ಲೂನಾದ ಹಿಂದಿನ ಸೀಟಿನಿಂದ ಹಿಡಿದು ಇವತ್ತಿನ ತನಕ ಇದೇ ಕೆಲಸ ನಾನು ಮಾಡಿಕೊಂಡು ಬಂದಿದ್ದೇನೆ. ಅದೇ ಕೆಲಸವನ್ನು ಪರದೇಶದವರು ಒಂದು ಕುಂಯ್‌ಗೆ ಇಳಿಸಿಬಿಟ್ಟರಲ್ಲ ಎಂಬುದೇ ಇಷ್ಟು ದಿನ ನನ್ನ ಹೊಟ್ಟೆಯುರಿ ಇದ್ದಿರಬೇಕು.

"ಕಾರಿಂದು ಬಂದ್ ಮಾಡೂ ಬಟನು ಸಿಕ್ಕಿತು," ಎಂದರು ಅವರು. "ನಿಂದು ಎಲ್ಲೈತಿ?"

ಅಷ್ಟರಲ್ಲಿ ಮುಂದೆ ರಸ್ತೆಯುಬ್ಬು ಕಂಡಿತು, ಸಾವಕಾಶ ಎಂದೆ.