ಕಿಟಕಿ ಪಕ್ಕದ ಟಾಸ್

ಲೆಕ್ಕದ ಮೇಷ್ಟ್ರು ಅವತ್ತು ಹಲ್ಲುಜ್ಜುವಾಗಲೇ ಶಪಥ ಮಾಡಿಬಿಟ್ಟರು: ಈ ಸಲದ ಟಾಸ್ ತಮ್ಮದೇ! ಮಾರನೆಯ ದಿನ ಈ ಮನೆ ಬಿಟ್ಟು ಒಂದು ಚಿಕ್ಕ ಮನೆಗೆ ಹೋಗಬೇಕಿತ್ತು. ಅಲ್ಲಿದ್ದದ್ದು ಒಂದೇ ಕಿಟಕಿ. ಅದರ ಪಕ್ಕ ಮೇಷ್ಟ್ರ ಆರಾಮ ಕುರ್ಚಿ ಇಡಬೇಕು, ಇಲ್ಲವೇ ಹೆಂಡತಿಯ ಹೊಲಿಗೆ ಮೆಷಿನ್ನು. ಎರಡಕ್ಕೂ ಜಾಗವಿಲ್ಲ, ಸೋತವರ ಸಾಮಾನು ಗುಜರಿಗೆ.

ಮದುವೆಯಾದ ಹೊಸತರಿಂದಲೂ ಈ ಮನೆಯ ಜಗಳಗಳಿಗೆಲ್ಲ ನಾಣ್ಯವೇ ನ್ಯಾಯಾಧೀಶ. ಹೆಂಡತಿಯದು ಸದಾ ಹೆಡ್ಸ್, ಮೇಷ್ಟ್ರದು ಟೇಲ್ಸ್. ನಾಣ್ಯ ಉರುಳಿ ಕೈಗೆ ಸಿಗದಿದ್ದರೆ ಇಬ್ಬರೂ ಸೋತ ಹಾಗೆ. ಈಚೆಗೆ ಪಾತ್ರೆ ತೊಳೆಯುವ ಟಾಸ್‌ನಲ್ಲಿ ವಾರವಿಡೀ ಹೆಡ್ಸೇ ಬಿದ್ದು, ಮೇಷ್ಟ್ರ ಬೆರಳೆಲ್ಲ ಸೋಪಿನ ನೀರಲ್ಲಿ ಸುಕ್ಕುಗಟ್ಟಿದ್ದವು.

“ಇಷ್ಟು ದಿನ ಹೆಡ್ಸ್ ಬಿತ್ತಲ್ಲ, ಇವತ್ತು ಟೇಲ್ಸ್ ಬೀಳಲೇಬೇಕು ಕಣೇ.”

“ನಾಣ್ಯಕ್ಕೆ ನೆನಪಿರಲ್ಲ, ಪ್ರತಿ ಸಲವೂ ಹೊಸದೇ ಅಂತ ಮಕ್ಕಳ ಕಿವಿ ಹಿಂಡಿ ಹೇಳ್ಕೊಟ್ಟೋರು ಯಾರು?”

ಪಾಠ ಬೇರೆ, ಪಾತ್ರೆ ಬೇರೆ! ಮೇಷ್ಟ್ರು ಇದ್ದಬದ್ದ ಶಕ್ತಿಯನ್ನೆಲ್ಲ ಹೆಬ್ಬೆರಳಿಗೆ ತಂದು ಚಿಮ್ಮಿದರು. ನಾಣ್ಯ ಫ್ಯಾನಿಗೆ ಬಡಿದು, ನೆಲಕ್ಕೆ ಬಿದ್ದು, ಉರುಳುತ್ತ ಹೋಗಿ ಬೀರುವಿನಡಿ ಸೇರಿಕೊಂಡಿತು. ಸಿಗದಿದ್ದರೆ ಕುರ್ಚಿ, ಮೆಷಿನ್ನು ಎರಡೂ ಗುಜರಿಗೇ! ನಾಳೆ ಸಾಮಾನು ಹೊರುವವರು ಬರುತ್ತಾರೆ, ತಾಳಿ ಎಂದು ಹೆಂಡತಿ ಹೇಳಿದರೂ ಕೇಳದೆ ಮೇಷ್ಟ್ರು ಬೀರುವಿಗೆ ಹೆಗಲು ಕೊಟ್ಟರು. ಮೊದಲು ಅದು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಒಮ್ಮೆಲೇ ಜಾರಿತು. ಪರ್ರ್! ಬೀರುವಿನ ಮೂಲೆ ಹೋಗಿ ನುಗ್ಗಿದ್ದು ಆರಾಮ ಕುರ್ಚಿಯ ಬಟ್ಟೆಗೇ. ಅದು ಮೇಲಿಂದ ಕೆಳಗಿನವರೆಗೆ ಸೀಳಿಹೋಯಿತು.

ಅಯ್ಯೋ ಎನ್ನಲು ಬಾಯಿ ತೆರೆದ ಮೇಷ್ಟ್ರು ಹಾಗೇ ನಿಂತರು. ಬೀರು ಇದ್ದ ಜಾಗದ ಧೂಳಿನಲ್ಲಿ ಹಳೆಯ ನಾಣ್ಯಗಳು ಬಿದ್ದಿದ್ದವು, ಈಗ ಅಂಗಡಿಯವರು ಮುಟ್ಟದಂಥವು. ಹೆಂಡತಿ ಮೆಲ್ಲನೆ ಕೂತು ಒಂದನ್ನು ಸೆರಗಿನಿಂದ ಒರೆಸಿದಳು.

“ಮಗಳು ಕೂಸಾಗಿದ್ದಾಗ, ರಾತ್ರಿ ಅತ್ತರೆ ಯಾರು ಏಳಬೇಕು ಅಂತ ಹಾಕಿದ್ದು ಇದು. ಸಿಗಲೇ ಇಲ್ಲ. ಇಬ್ರೂ ಎದ್ದು ಬೆಳಗಾಗೋವರೆಗೂ ಅವಳನ್ನ ಎತ್ಕೊಂಡು ಓಡಾಡಿದ್ವಿ.”

“ಇದಕ್ಕೆ ಅದೆಲ್ಲಿ ನೆನಪಿರುತ್ತೆ?”

“ಇದಕ್ಕಿಲ್ಲ. ನನಗಿದೆ.”

ಆ ದಿನಗಳಲ್ಲಿ ಇಬ್ಬರೂ ಸೋತಾಗ ಎಷ್ಟು ನಕ್ಕಿದ್ದೆವು ಎಂದು ಮೇಷ್ಟ್ರಿಗೆ ನೆನಪಾಯಿತು. ಹಾಳು ಕಿಟಕಿ, ಅವಳಿಗೇ ಬಿಟ್ಟುಕೊಡೋಣ ಅನ್ನಿಸಿತು. ಅಷ್ಟರಲ್ಲಿ ಗೋಡೆಯ ಬುಡದಲ್ಲಿ ಇವತ್ತಿನ ನಾಣ್ಯ ಹೊಳೆಯಿತು. ಟೇಲ್ಸ್! ಬಿಟ್ಟುಕೊಡುವ ಮಾತು ಅಲ್ಲೇ ಆವಿಯಾಯಿತು.

“ಗೆದ್ದೆ ಕಣೇ! ಕಿಟಕಿ ನನ್ನದು!”

ಹೆಂಡತಿ ಹರಿದ ಕುರ್ಚಿಯನ್ನು ನೋಡಿದಳು, ಗಂಡನನ್ನು ನೋಡಿದಳು.

“ನಿಮ್ಮದೇ. ಆದ್ರೆ ಈ ಬಟ್ಟೆ ಹೊಲೀಬೇಕಲ್ಲ, ಅಲ್ಲೀವರೆಗೂ ಮೆಷಿನ್ನು ಇರಲೇಬೇಕು. ಹೊಲಿಯೋಕೆ ಬೆಳಕೂ ಬೇಕು, ಕಿಟಕಿ ಪಕ್ಕಾನೇ ಇಡೋಣ.”

“ಹೊಲಿಯೋದು ಯಾವಾಗ?”

“ಅದನ್ನ ನನ್ನ ಕೇಳಿದ್ರೆ? ಹರಿದೋರು ನೀವು, ಹೊಲಿಯೋರೂ ನೀವೇ.”

ಹೊಸ ಮನೆಯಲ್ಲಿ ಕಿಟಕಿ ಪಕ್ಕ ಈಗಲೂ ಮೇಷ್ಟ್ರೇ ಕೂರುತ್ತಾರೆ, ಮೆಷಿನ್ನಿನ ಸ್ಟೂಲಿನ ಮೇಲೆ, ಸೂಜಿಗೆ ದಾರ ಪೋಣಿಸುತ್ತ.